ಸತ್ಯಧರ್ಮಕ್ಕೆ ಸುಳ್ಳಿನ ಊರುಗೋಲು ಬೇಕೆ?

ನಮ್ಮ ಸಮುದಾಯದಲ್ಲಿ ಇಂದು ಅತ್ಯಂತ ಅಗ್ಗವಾಗಿ ದೊರೆಯುವ ವಸ್ತು ಯಾವುದೆಂದು ಕೇಳಿದರೆ, ವಿಜ್ಞಾನದ ಕುರಿತ ಅಭಿಪ್ರಾಯ ಎಂದೇ ಉತ್ತರಿಸಬೇಕಾಗುತ್ತದೆ. ವುಝೂವಿನ ಒಂದು ಸಣ್ಣ ಮಸ್‌ಅಲಕ್ಕೂ ಉಸ್ತಾದರನ್ನು ಹುಡುಕಿಕೊಂಡು ಹೋಗುವ ವ್ಯಕ್ತಿಯು ವಿಶ್ವದ ಉಗಮ, ಭ್ರೂಣದ ಬೆಳವಣಿಗೆ, ಲಸಿಕೆಯ ಗುಣದೋಷಗಳ ಬಗ್ಗೆ ಕ್ಷಣಮಾತ್ರವೂ ಯೋಚಿಸದೆ ತೀರ್ಪು ನೀಡಿಬಿಡುತ್ತಾನೆ. ಧರ್ಮದ ವಿಷಯದಲ್ಲಿ ತಿಳಿಯದೆ ಮಾತನಾಡುವುದು ಪಾಪವೆಂದು ಅವನಿಗೆ ಗೊತ್ತು. ವಿಜ್ಞಾನದ ವಿಷಯದಲ್ಲಿ ತಿಳಿಯದೆ ಮಾತನಾಡುವುದು ಮಾತ್ರ ಪುಣ್ಯಕಾರ್ಯವೆಂದು ಅವನು ಹೇಗೋ ನಂಬಿಕೊಂಡಿದ್ದಾನೆ. ಏಕೆಂದರೆ ಆ ಮಾತಿನ ಕೊನೆಯಲ್ಲಿ 'ಸುಬ್ಹಾನಲ್ಲಾಹ್' ಎಂಬ ಪದವಿರುತ್ತದೆ. 'ಹತ್ತು ಜನರಿಗೆ ಕಳುಹಿಸಿ, ಪ್ರತಿಫಲ ಪಡೆಯಿರಿ' ಎಂಬ ಸೂಚನೆಯಿರುತ್ತದೆ.

ಈ ಹಗುರ ಮಾತುಗಳು ನಿರುಪದ್ರವಿ ಎಂದು ಅನೇಕರ ಭಾವನೆ. ಅದು ತಪ್ಪು ಭಾವನೆ. ಇವು ಧರ್ಮಕ್ಕೆ ಅಪಮಾನ ತರುತ್ತವೆ, ಮಕ್ಕಳ ವಿಶ್ವಾಸವನ್ನು ಒಳಗಿಂದೊಳಗೇ ಕೊರೆಯುತ್ತವೆ ಮತ್ತು ಕೆಲವೊಮ್ಮೆ ಪ್ರಾಣವನ್ನೂ ತೆಗೆಯುತ್ತವೆ.

ಮೊದಲು ಹೆಮ್ಮೆಯ ಸುಳ್ಳುಗಳನ್ನು ನೋಡೋಣ. 1969ರ ಜುಲೈ 20ರಂದು ಚಂದ್ರನ ಮೇಲಿಳಿದ ನೀಲ್ ಆರ್ಮ್‌ಸ್ಟ್ರಾಂಗ್ ಅಲ್ಲಿ ಬಾಂಗ್ ಕರೆ ಕೇಳಿ, ಭೂಮಿಗೆ ಮರಳಿದ ಬಳಿಕ ಇಸ್ಲಾಮ್ ಸ್ವೀಕರಿಸಿದರೆಂಬ ಕಥೆಯನ್ನು ಕೇಳದ ಮುಸ್ಲಿಮ್ ಮನೆ ಬಹುಶಃ ಇಲ್ಲ. ಈಜಿಪ್ಟ್‌ನಿಂದ ಇಂಡೋನೇಷ್ಯಾದವರೆಗೆ ಈ ಕಥೆ ಹಬ್ಬಿತ್ತು. ಅದು ಎಷ್ಟರ ಮಟ್ಟಿಗೆ ಬೆಳೆಯಿತೆಂದರೆ, 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು ಮುಸ್ಲಿಮ್ ರಾಷ್ಟ್ರಗಳಲ್ಲಿರುವ ತನ್ನ ರಾಯಭಾರ ಕಚೇರಿಗಳಿಗೆ ಪತ್ರ ಬರೆದು, ಆರ್ಮ್‌ಸ್ಟ್ರಾಂಗ್ ಇಸ್ಲಾಮ್ ಸ್ವೀಕರಿಸಿಲ್ಲವೆಂದೂ ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ಅವರಿಗಿಲ್ಲವೆಂದೂ ತಿಳಿಸಬೇಕಾಯಿತು. ಅವರು 2012ರಲ್ಲಿ ತೀರಿಕೊಂಡರು. ಕಥೆ ಮಾತ್ರ ಇಂದಿಗೂ ಜೀವಂತವಾಗಿದೆ. ಶಬ್ದವು ಚಲಿಸಲು ಗಾಳಿಯಂತಹ ಮಾಧ್ಯಮ ಬೇಕು, ಚಂದ್ರನ ಮೇಲೆ ಗಾಳಿಯಿಲ್ಲ ಎಂಬುದು ಪ್ರೌಢಶಾಲೆಯ ಪಾಠ. ಆ ಪಾಠವನ್ನು ಓದಿದ ಹುಡುಗನ ಮುಂದೆಯೇ ಅವನ ತಂದೆ ಈ ಕಥೆಯನ್ನು ಭಕ್ತಿಯಿಂದ ಹೇಳುತ್ತಾರೆ.

ಇನ್ನೊಂದು ಚಿತ್ರವಿದೆ. ಚಂದ್ರನ ಮೇಲ್ಮೈಯಲ್ಲಿ ಒಂದು ಉದ್ದನೆಯ ಸೀಳು. 'ಚಂದ್ರ ಇಬ್ಭಾಗವಾದದ್ದನ್ನು ನಾಸಾ ಒಪ್ಪಿಕೊಂಡಿದೆ' ಎಂಬ ಒಕ್ಕಣೆ. ಆ ಸೀಳಿನ ಹೆಸರು ರೀಮಾ ಅರಿಯಾಡಿಯಸ್. ಅಪೊಲೊ 10 ಯಾನದ ಸಂದರ್ಭದಲ್ಲಿ ತೆಗೆದ ಚಿತ್ರವದು. ಅದರ ಉದ್ದ ಸುಮಾರು 300 ಕಿಲೋಮೀಟರ್. ಅದು ಚಂದ್ರನನ್ನು ಸುತ್ತುವರಿದಿಲ್ಲ. ಸಮಾನಾಂತರವಾದ ಎರಡು ಬಿರುಕುಗಳ ನಡುವಿನ ನೆಲ ಕುಸಿದು ಉಂಟಾದ ಕಣಿವೆಯಿದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಚಂದ್ರ ಇಬ್ಭಾಗವಾದ ಪವಾಡವನ್ನು ನಾಸಾ ಒಪ್ಪಿಕೊಂಡಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಶಕ್ಕುಲ್ ಕಮರ್ ಪವಾಡವನ್ನು ಮುಸ್ಲಿಮರು ಹದಿನಾಲ್ಕು ಶತಮಾನಗಳ ಕಾಲ ಯಾವ ಛಾಯಾಚಿತ್ರದ ಆಧಾರದಲ್ಲಿ ನಂಬಿಕೊಂಡು ಬಂದರು? ಅವರಿಗೆ ಪವಿತ್ರ ಕುರ್‌ಆನ್ ಮತ್ತು ಪ್ರಾಮಾಣಿಕ ಹದೀಸ್‌ಗಳ ಸಾಕ್ಷ್ಯ ಸಾಕಾಗಿತ್ತು. ನಮಗೆ ಅದು ಸಾಲದೆ ಹೋಯಿತೇ? ಕುರ್‌ಆನಿನ ಸಾಕ್ಷ್ಯಕ್ಕೆ ಅಮೆರಿಕದ ಒಂದು ಸಂಸ್ಥೆಯ ಮುದ್ರೆ ಬೇಕೆನಿಸುವುದು ವಿಶ್ವಾಸದ ಬಲವಲ್ಲ, ಕೀಳರಿಮೆ. ಅದಕ್ಕಿಂತ ದೊಡ್ಡ ದುರಂತವೆಂದರೆ, ಆ ಮುದ್ರೆಯೂ ನಕಲಿ.

'ಇರಲಿ ಬಿಡಿ, ಉದ್ದೇಶ ಒಳ್ಳೆಯದಲ್ಲವೇ? ಇದರಿಂದ ನಾಲ್ಕು ಜನರ ಈಮಾನ್ ಹೆಚ್ಚಾದರೆ ತಪ್ಪೇನು?' ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಗೆ ಪ್ರವಾದಿವರ್ಯರ (ಸ) ಜೀವನದಲ್ಲೇ ಉತ್ತರವಿದೆ.

ಹಿಜರಿ ಹತ್ತನೆಯ ವರ್ಷದಲ್ಲಿ ಪ್ರವಾದಿವರ್ಯರ (ಸ) ಪುಟ್ಟ ಮಗ ಇಬ್ರಾಹೀಮ್ ಮದೀನಾದಲ್ಲಿ ಮರಣ ಹೊಂದಿದರು. ಪ್ರವಾದಿವರ್ಯರು (ಸ) ಕಣ್ಣೀರು ಸುರಿಸಿದರು. ಅದೇ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಖಗೋಳ ಗಣಿತದ ಪ್ರಕಾರ ಅದು ಕ್ರಿ.ಶ. 632ರ ಜನವರಿ 27ರ ಗ್ರಹಣ. ಪ್ರವಾದಿಯ ಮಗನ ಮರಣಕ್ಕಾಗಿ ಆಕಾಶವೇ ಶೋಕಿಸುತ್ತಿದೆಯೆಂದು ಜನರು ಮಾತನಾಡಿಕೊಂಡರು. ಒಮ್ಮೆ ಆಲೋಚಿಸಿ ನೋಡಿ. ಅಂತಹ ಒಂದು ಸಂದರ್ಭವನ್ನು ಯಾವ ಸುಳ್ಳುಗಾರನು ತಾನೇ ಬಿಟ್ಟುಕೊಡುತ್ತಿದ್ದನು? ಅವರು ಸುಳ್ಳಾಡಬೇಕಾಗಿಯೂ ಇರಲಿಲ್ಲ, ಮೌನವಾಗಿದ್ದರೆ ಸಾಕಿತ್ತು. ಜನರ ಈಮಾನ್ ಹೆಚ್ಚುತ್ತಿತ್ತು, ಅರೇಬಿಯಾದಾದ್ಯಂತ ಆ ಸುದ್ದಿ ಹಬ್ಬುತ್ತಿತ್ತು. ಆದರೆ ಅವರು ಮೌನವಾಗಿರಲಿಲ್ಲ. ಪುತ್ರಶೋಕದ ನಡುವೆಯೂ ನಮಾಝ್ ನಿರ್ವಹಿಸಿ, ಜನರ ಮುಂದೆ ನಿಂತು, ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ ಯಾರ ಹುಟ್ಟುಸಾವುಗಳಿಗಾಗಿಯೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಸ್ಪಷ್ಟವಾಗಿ ತಿಳಿಸಿದರು.

ತನ್ನ ಪರವಾಗಿ ತಾನಾಗಿಯೇ ಒದಗಿ ಬಂದ ಒಂದು ಹುಸಿ ಪವಾಡವನ್ನು ತಮ್ಮ ಕೈಯಾರೆ ತಳ್ಳಿಹಾಕಿದ ಪ್ರವಾದಿಯ (ಸ) ಅನುಯಾಯಿಗಳು ನಾವು. ಅವರು ಬೇಡವೆಂದ ವಸ್ತುವನ್ನು ಅವರ ಹೆಸರಿನಲ್ಲೇ ಹಂಚುವುದು ಎಂತಹ ಪ್ರೀತಿ? ಗ್ರಹಣವಂತೂ ನಿಜವಾಗಿತ್ತು, ಅದರ ವ್ಯಾಖ್ಯಾನ ಮಾತ್ರ ತಪ್ಪಾಗಿತ್ತು. ಆದರೂ ಅವರು ಸಹಿಸಲಿಲ್ಲ. ನಾವು ಹಂಚುವ ಕಥೆಗಳಲ್ಲಿ ಘಟನೆಯೂ ಸುಳ್ಳು, ವ್ಯಾಖ್ಯಾನವೂ ಸುಳ್ಳು.

ಇಮಾಮ್ ಗಝ್ಝಾಲಿಯವರು (ರ) ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಈ ರೋಗವನ್ನು ಗುರುತಿಸಿದ್ದರು. ತತ್ವಜ್ಞಾನಿಗಳ ವಾದಗಳನ್ನು ಖಂಡಿಸಿ ಬರೆದ ತಮ್ಮ ಪ್ರಸಿದ್ಧ ಗ್ರಂಥ 'ತಹಾಫುತುಲ್ ಫಲಾಸಿಫ'ದ ಆರಂಭದಲ್ಲಿ ಅವರು ಗ್ರಹಣದ ಉದಾಹರಣೆಯನ್ನೇ ಎತ್ತಿಕೊಳ್ಳುತ್ತಾರೆ. ಗ್ರಹಣದ ಕಾರಣವು ಗಣಿತದಿಂದ ಖಚಿತವಾಗಿ ಸಾಬೀತಾಗಿದೆ. ಅದನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನಿಂದ ಧರ್ಮಕ್ಕೇ ಹಾನಿ. ಆ ಗಣಿತವನ್ನು ಬಲ್ಲವನು ತನ್ನ ಲೆಕ್ಕವನ್ನು ಸಂಶಯಿಸುವುದಿಲ್ಲ, ಧರ್ಮವನ್ನು ಸಂಶಯಿಸುತ್ತಾನೆ ಎಂಬುದು ಅವರ ವಾದದ ಸಾರ. ಸರಿಯಾದ ರೀತಿಯಲ್ಲಿ ಆಕ್ಷೇಪಿಸುವ ವಿರೋಧಿಗಿಂತ, ತಪ್ಪು ರೀತಿಯಲ್ಲಿ ಸಮರ್ಥಿಸುವ ಮಿತ್ರನೇ ಧರ್ಮಕ್ಕೆ ಹೆಚ್ಚು ಅಪಾಯಕಾರಿಯೆಂದು ಅವರು ಎಚ್ಚರಿಸಿದ್ದಾರೆ. ಇಂದು ನಮ್ಮ ಯುವಕರಲ್ಲಿ ಕೆಲವರು ಕಾಲೇಜಿಗೆ ಹೋದ ಎರಡೇ ವರ್ಷಗಳಲ್ಲಿ ಮಸೀದಿಯಿಂದ ದೂರವಾಗುವುದೇಕೆಂದು ಕೊರಗುವ ಹೆತ್ತವರು ಈ ಮಾತನ್ನು ಒಮ್ಮೆ ಮನನ ಮಾಡಬೇಕು. ಬಾಲ್ಯದಲ್ಲಿ ಧರ್ಮದ ಆಧಾರವೆಂದು ನಾವು ಅವನ ಕೈಗಿತ್ತದ್ದು ಚಂದ್ರನ ಬಾಂಗ್ ಕರೆಯ ಕಥೆಯಾಗಿದ್ದರೆ, ಆ ಕಥೆ ಸುಳ್ಳೆಂದು ತಿಳಿದ ದಿನ ಅವನು ಏನನ್ನು ಹಿಡಿದುಕೊಳ್ಳಬೇಕು?

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪಿದೆ. ಪ್ರತಿಯೊಂದು ಹೊಸ ಸಂಶೋಧನೆ ಹೊರಬಿದ್ದೊಡನೆ ಅದು ಕುರ್‌ಆನಿನಲ್ಲಿ ಮೊದಲೇ ಇತ್ತೆಂದು ಸಾರುವ ಅವಸರವದು. ಕುರ್‌ಆನ್ ಮನುಷ್ಯನನ್ನು ಆಕಾಶ, ಭೂಮಿ, ಮಳೆ, ಒಂಟೆ, ಜೇನುನೊಣಗಳನ್ನು ನೋಡೆಂದು, ಚಿಂತಿಸೆಂದು ಮತ್ತೆ ಮತ್ತೆ ಕರೆಯುತ್ತದೆ. ಆ ಕರೆ ಅದ್ಭುತವಾದುದು. ಆದರೆ ವೈಜ್ಞಾನಿಕ ಸಿದ್ಧಾಂತಗಳು ಬದಲಾಗುತ್ತಿರುತ್ತವೆ. 1948ರಲ್ಲಿ ಹಾಯ್ಲ್, ಬಾಂಡಿ ಮತ್ತು ಗೋಲ್ಡ್ ಎಂಬ ವಿಜ್ಞಾನಿಗಳು ವಿಶ್ವಕ್ಕೆ ಆರಂಭವಿಲ್ಲ, ಅದು ಸದಾ ಒಂದೇ ಸ್ಥಿತಿಯಲ್ಲಿದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಅನೇಕ ವರ್ಷ ಅದಕ್ಕೆ ಮನ್ನಣೆಯಿತ್ತು. 1965ರಲ್ಲಿ ವಿಶ್ವದ ಎಲ್ಲ ದಿಕ್ಕಿನಿಂದಲೂ ಬರುವ ಕ್ಷೀಣ ವಿಕಿರಣದ ಶೋಧ ಪ್ರಕಟವಾದ ಬಳಿಕ ಆ ಸಿದ್ಧಾಂತ ಬಿದ್ದುಹೋಯಿತು. 1950ರಲ್ಲಿ ಯಾರಾದರೂ ಒಂದು ಸೂಕ್ತವನ್ನು ಎಳೆದು ತಂದು ಆ ಸಿದ್ಧಾಂತಕ್ಕೆ ಕಟ್ಟಿದ್ದರೆ, 1965ರಲ್ಲಿ ಆ ಸೂಕ್ತದ ಗತಿಯೇನಾಗುತ್ತಿತ್ತು? ಸೃಷ್ಟಿಕರ್ತನ ವಚನವು ಶಾಶ್ವತ. ಮನುಷ್ಯನ ಸಿದ್ಧಾಂತ ಇಂದಿನದು. ಶಾಶ್ವತವಾದುದನ್ನು ಇಂದಿನದಕ್ಕೆ ಕಟ್ಟಿಹಾಕುವುದು ಗೌರವವಲ್ಲ. ಎಲ್ಲ ವಿದ್ಯೆಗಳನ್ನೂ ಕುರ್‌ಆನಿನ ಮೇಲೆ ಹೇರುವವರನ್ನು ಗ್ರನಾಡಾದ ಇಮಾಮ್ ಶಾತಿಬಿಯವರು (ರ) ಹದಿನಾಲ್ಕನೆಯ ಶತಮಾನದಲ್ಲೇ ಆಕ್ಷೇಪಿಸಿದ್ದರೆಂಬುದನ್ನು ನಾವು ಮರೆಯಬಾರದು. ಇದು ಇಂದಿನ ಯಾವುದೋ ಆಧುನಿಕವಾದಿಯ ತಕರಾರಲ್ಲ.

'ಮೊದಲೇ ಇತ್ತು' ಎನ್ನುವವರು ಒಂದು ಸರಳ ಪ್ರಶ್ನೆಗೆ ಉತ್ತರಿಸಲಿ. ಮೊದಲೇ ಇದ್ದರೆ ಮೊದಲೇ ಏಕೆ ಹೇಳಲಿಲ್ಲ? ಪ್ರಯೋಗಾಲಯದಲ್ಲಿ ಯಾರೋ ಹಗಲಿರುಳು ದುಡಿದು ಕಂಡುಹಿಡಿದ ಮರುದಿನವೇ ಅದು ನಮಗೆ ಕಾಣಿಸುವುದೇಕೆ? ಬೇರೆಯವರ ಬೆವರಿನ ಫಲಕ್ಕೆ ನಮ್ಮ ಹೆಸರಿನ ಚೀಟಿ ಅಂಟಿಸುವುದನ್ನು ವ್ಯಾಪಾರದಲ್ಲಿ ಮಾಡಿದರೆ ನಮ್ಮ ಧರ್ಮ ಅದನ್ನು ವಂಚನೆ ಎನ್ನುತ್ತದೆ.

ನಮ್ಮ ಪೂರ್ವಜರು ಹಾಗೆ ಮಾಡಲಿಲ್ಲ. ಬಸ್ರಾದಲ್ಲಿ ಜನಿಸಿದ ಇಬ್ನುಲ್ ಹೈಸಮ್ ಹನ್ನೊಂದನೆಯ ಶತಮಾನದ ಆರಂಭದಲ್ಲಿ ದೃಷ್ಟಿ ಮತ್ತು ಬೆಳಕಿನ ಕುರಿತು 'ಕಿತಾಬುಲ್ ಮನಾಝಿರ್' ರಚಿಸಿದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂದು ಹಿಂದಿನ ದೊಡ್ಡವರು ಹೇಳಿದ್ದನ್ನು ಅವರು ಒಪ್ಪಲಿಲ್ಲ; ಕತ್ತಲೆ ಕೋಣೆ ಮತ್ತು ಸಣ್ಣ ರಂಧ್ರಗಳ ಪ್ರಯೋಗಗಳ ಮೂಲಕ ಬೆಳಕಿನ ವರ್ತನೆಯನ್ನು ಪರೀಕ್ಷಿಸಿ, ವಸ್ತುವಿನಿಂದ ಬರುವ ಬೆಳಕೇ ಕಣ್ಣನ್ನು ಸೇರುತ್ತದೆಂದು ಪ್ರತಿಪಾದಿಸಿದರು. ಅಲ್‌ಬಿರೂನಿ ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬಳಿ ಒಂದು ಬೆಟ್ಟದ ಎತ್ತರವನ್ನು ಅಳೆದು, ಅದರ ತುದಿಯಿಂದ ದಿಗಂತವು ಎಷ್ಟು ಕೋನ ಕೆಳಗೆ ಕಾಣುತ್ತದೆಂದು ನೋಡಿ, ಅಷ್ಟರಿಂದಲೇ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅದೇ ಬಿರೂನಿ ಸಂಸ್ಕೃತ ಕಲಿತು, ಭಾರತದ ಜನರ ಧರ್ಮ ಮತ್ತು ವಿದ್ಯೆಗಳನ್ನು ಅವರದೇ ಗ್ರಂಥಗಳಿಂದ ಅರಿತು ಬರೆದರು. ಇತರರ ಕುರಿತು ಕೇಳಿದ್ದನ್ನು ಬರೆಯಲಿಲ್ಲ, ಕಲಿತದ್ದನ್ನು ಬರೆದರು. ಇವರ ಹೆಸರುಗಳನ್ನು ನಾವು ಭಾಷಣಗಳಲ್ಲಿ ಜಪಿಸುತ್ತೇವೆ. ಅವರ ಅಭ್ಯಾಸಗಳನ್ನು ಮಾತ್ರ ಅವರೊಂದಿಗೇ ದಫನ ಮಾಡಿದ್ದೇವೆ.

ಇದೇ ಪರಂಪರೆಯ ವೈದ್ಯ ಅಲ್‌ರಾಝಿ. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಲಕ್ಷಣಗಳ ಸಹಿತ ವಿವರಿಸಿದ ಅವರ ಕಿರುಗ್ರಂಥವು ವೈದ್ಯಕೀಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಆ ರಾಝಿಯ ಹೆಸರನ್ನು ಹೆಮ್ಮೆಯಿಂದ ಹೇಳುವ ಸಮುದಾಯದಲ್ಲೇ, ಅದೇ ದಡಾರದ ಲಸಿಕೆ ಹಾಕಿಸಬೇಡಿರೆಂಬ ಸಂದೇಶಗಳು ಹರಿದಾಡಿದವು. ಇಲ್ಲಿಂದ ನಾವು ಹೆಮ್ಮೆಯ ಸುಳ್ಳಿನಿಂದ ಭಯದ ಸುಳ್ಳಿಗೆ ಬರುತ್ತೇವೆ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನವು ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಆರಂಭವಾದಾಗ, ಈ ಲಸಿಕೆಯಿಂದ ಮಕ್ಕಳು ಮುಂದೆ ಸಂತಾನಹೀನರಾಗುತ್ತಾರೆಂಬ ವದಂತಿ ಮೊಬೈಲ್‌ಗಳಲ್ಲಿ ಹಬ್ಬಿತು. ಸತ್ಯವೇನೆಂದರೆ, ಗರ್ಭಿಣಿಗೆ ಆರಂಭದ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿಗೆ ಕಿವುಡುತನ, ಕಣ್ಣಿನ ಪೊರೆ, ಹೃದಯದ ದೋಷಗಳು ಬರುವ ಅಪಾಯವಿದೆ. ಇಂದಿನ ಬಾಲಕಿಯ ನಾಳಿನ ಮಗುವನ್ನು ಕಾಯುವುದಕ್ಕೆಂದೇ ನೀಡುವ ಲಸಿಕೆಯನ್ನು, ಅವಳ ತಾಯ್ತನದ ಶತ್ರುವೆಂದು ಬಣ್ಣಿಸಲಾಯಿತು.

ಇದರ ಹಿಂದೆ ಇನ್ನೂ ಕಹಿಯಾದ ಪಾಠವೊಂದಿತ್ತು. ಈ ಶತಮಾನದ ಆರಂಭದಲ್ಲಿ ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಪೋಲಿಯೊ ಹನಿಯ ಬಗ್ಗೆಯೂ ಇದೇ ಸಂತಾನಹೀನತೆಯ ವದಂತಿ ಹಬ್ಬಿತ್ತು. 2002ರಲ್ಲಿ ದೇಶದಲ್ಲಿ 1600 ಪೋಲಿಯೊ ಪ್ರಕರಣಗಳು ದಾಖಲಾದವು. ಅವುಗಳಲ್ಲಿ 1242 ಉತ್ತರ ಪ್ರದೇಶವೊಂದರಲ್ಲೇ ಇದ್ದವು. ಬಾಧಿತರಲ್ಲಿ ಮುಸ್ಲಿಮ್ ಮಕ್ಕಳ ಪಾಲು ಬಹಳ ದೊಡ್ಡದಾಗಿತ್ತು. ಕೊಳಚೆ, ಬಡತನ, ಆರೋಗ್ಯ ಸೇವೆಯ ಕೊರತೆಗಳೂ ಅದಕ್ಕೆ ಕಾರಣವಾಗಿದ್ದವು, ನಿಜ. ಆದರೆ ಮನೆ ಬಾಗಿಲಿಗೆ ಬಂದ ಹನಿಯನ್ನು ಬಾಗಿಲು ಮುಚ್ಚಿ ಹಿಂದಕ್ಕೆ ಕಳುಹಿಸಿದ್ದು ವದಂತಿಯೇ. ಆ ಸ್ಥಿತಿಯನ್ನು ಬದಲಿಸುವಲ್ಲಿ ನಮ್ಮದೇ ಉಲಮಾಗಳು, ಮಸೀದಿಯ ಇಮಾಮರು, ಅಲಿಘಡ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಂತಹ ಸಂಸ್ಥೆಗಳು ದೊಡ್ಡ ಪಾತ್ರ ವಹಿಸಿದವು. ಮಸೀದಿಯ ಧ್ವನಿವರ್ಧಕದಿಂದ ಲಸಿಕೆಯ ದಿನಾಂಕ ಪ್ರಕಟವಾಯಿತು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಾಣಿಸಿತು. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಮಿಂಬರಿನಿಂದ ಹೊರಟ ಒಂದು ಸತ್ಯದ ಮಾತಿಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆದರೆ ಅಲ್ಲಿಯ ತನಕ ಕಾಲು ಕಳೆದುಕೊಂಡ ಮಕ್ಕಳಿಗೆ ಕಾಲು ಮರಳಿ ಬರಲಿಲ್ಲ. ಆ ವದಂತಿಯನ್ನು ಹಬ್ಬಿಸಿದವನು ಬಹುಶಃ ಅದನ್ನು ಮರೆತೂ ಇರಬಹುದು. ನಾಳೆ ಪರಲೋಕದ ನ್ಯಾಯಾಲಯದಲ್ಲಿ ಆ ಮಕ್ಕಳು ಮರೆಯುವರೇ?

ವದಂತಿಯ ಕ್ರೌರ್ಯವೇನೆಂದು ಈ ದೇಶದಲ್ಲಿ ಮುಸ್ಲಿಮರಿಗೆ ಯಾರೂ ಕಲಿಸಬೇಕಾಗಿಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ತಂಡದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಪರಾಧವಾಯಿತು. ಮಕ್ಕಳ ಕಳ್ಳರೆಂಬ ಸಂದೇಶ ಅವರ ಕಾರಿಗಿಂತ ವೇಗವಾಗಿ ಮುಂದಿನ ಊರನ್ನು ತಲುಪಿತ್ತು. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸಲಾಗದಂತೆ ಮಿತಿ ಹೇರುವುದಾಗಿ ಘೋಷಿಸಿತು. 2020ರಲ್ಲಿ ಕೊರೊನಾ ಹರಡಿದಾಗ, ಮುಸ್ಲಿಮ್ ವ್ಯಾಪಾರಿಗಳು ಹಣ್ಣು ತರಕಾರಿಗಳಿಗೆ ಉಗುಳಿ ರೋಗ ಹರಡುತ್ತಿದ್ದಾರೆಂಬ ಸುಳ್ಳು ವಿಡಿಯೊಗಳು ಹರಿದಾಡಿದವು. ಎಷ್ಟೋ ಬಡವರ ತಳ್ಳುಗಾಡಿಗಳನ್ನು ಬೀದಿಯೊಳಗೆ ಬಿಡಲಿಲ್ಲ. ಅಂದು ನಾವು ಎಲ್ಲರಲ್ಲೂ ಕೇಳಿದ್ದು ಒಂದೇ ಪ್ರಶ್ನೆ: 'ಹಂಚುವ ಮೊದಲು ಪರಿಶೀಲಿಸಬಾರದಿತ್ತೇ?' ಆ ಪ್ರಶ್ನೆ ನ್ಯಾಯಯುತವಾಗಿತ್ತು. ಆದರೆ ನಮ್ಮ ಪರವಾದ ಸುಳ್ಳು ಬಂದಾಗ ಪರಿಶೀಲಿಸದೆ ಹಂಚುವವನಿಗೆ, ನಮ್ಮ ವಿರುದ್ಧದ ಸುಳ್ಳು ಬಂದಾಗ ಆ ಪ್ರಶ್ನೆ ಕೇಳುವ ನೈತಿಕ ಹಕ್ಕು ಎಲ್ಲಿಂದ ಬರಬೇಕು? ಸತ್ಯದ ತಕ್ಕಡಿಗೆ ನಮ್ಮದು, ಪರರದು ಎಂಬ ಎರಡು ತೂಕದ ಕಲ್ಲುಗಳಿಲ್ಲ.

ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ, ಧರ್ಮಭ್ರಷ್ಟನು ತಂದ ಸುದ್ದಿಯನ್ನು ಪರಿಶೀಲಿಸಬೇಕೆಂದು ಆಜ್ಞಾಪಿಸಿದ್ದಾನೆ. ಇಲ್ಲದಿದ್ದರೆ ತಿಳಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ, ಬಳಿಕ ಪಶ್ಚಾತ್ತಾಪ ಪಡಬೇಕಾದೀತೆಂದು ಎಚ್ಚರಿಸಿದ್ದಾನೆ. ಕುರ್‌ಆನ್ ವ್ಯಾಖ್ಯಾನಕಾರರು ಇದರ ಹಿನ್ನೆಲೆಯಾಗಿ ಒಂದು ಘಟನೆಯನ್ನು ಹೇಳುತ್ತಾರೆ. ಒಂದು ಗೋತ್ರದವರು ಝಕಾತ್ ಕೊಡಲು ನಿರಾಕರಿಸಿದರೆಂಬ ತಪ್ಪು ಸುದ್ದಿ ಮದೀನಾಕ್ಕೆ ತಲುಪಿ, ಇನ್ನೇನು ಸೈನ್ಯ ಹೊರಡುವ ಹಂತಕ್ಕೆ ಬಂದಿತ್ತು. ಪರಿಶೀಲಿಸಿದಾಗ ಆ ಜನರು ನಿಷ್ಠಾವಂತರೆಂದು ತಿಳಿಯಿತು. ಇಸ್ರಾ ಅಧ್ಯಾಯದಲ್ಲಿ, ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ ಕಿವಿ, ಕಣ್ಣು, ಹೃದಯಗಳೆಲ್ಲವೂ ವಿಚಾರಣೆಗೆ ಒಳಗಾಗಲಿವೆಯೆಂದೂ ತಿಳಿಸಲಾಗಿದೆ. ಇಂದು ಈ ಪಟ್ಟಿಗೆ ನಾವು ಹೆಬ್ಬೆರಳನ್ನೂ ಸೇರಿಸಿಕೊಂಡು ಓದಬೇಕಾಗಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ.

ಈ ಆಜ್ಞೆಯನ್ನು ನಮ್ಮ ಹದೀಸ್ ವಿದ್ವಾಂಸರು ಒಂದು ಮಹಾಶಾಸ್ತ್ರವನ್ನಾಗಿ ಬೆಳೆಸಿದರು. ಒಂದು ಮಾತನ್ನು ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾಗಿದ್ದರೇ, ಅವರ ನೆನಪಿನ ಶಕ್ತಿ ಹೇಗಿತ್ತು, ನಡತೆ ಹೇಗಿತ್ತು ಎಂದು ಸರಪಣಿಯ ಒಂದೊಂದು ಕೊಂಡಿಯನ್ನೂ ಬಡಿದು ನೋಡಿದರು. ಸಾವಿರಾರು ವರದಿಗಾರರ ಜೀವನ ಚರಿತ್ರೆಗಳನ್ನು ಬರೆದಿಟ್ಟರು. ಧರ್ಮದ ಪರವಾಗಿದೆ, ಜನರಿಗೆ ಸದ್ಬುದ್ಧಿ ಕೊಡುತ್ತದೆ ಎಂಬ ಕಾರಣಕ್ಕಾಗಿ ಯಾವ ಸುಳ್ಳನ್ನೂ ಅವರು ಕ್ಷಮಿಸಲಿಲ್ಲ. ಸದುದ್ದೇಶದಿಂದ ಹದೀಸ್ ಕಟ್ಟಿದವರನ್ನೂ ಸುಳ್ಳುಗಾರರ ಪಟ್ಟಿಯಲ್ಲೇ ಇಟ್ಟರು. ಜಗತ್ತಿಗೆ ಸನದ್‌ನ ಶಿಸ್ತನ್ನು ತೋರಿಸಿದ ಸಮುದಾಯವು, ಬರೆದವರು ಯಾರು, ಮೂಲವೇನು ಎಂದು ತಿಳಿಯದ ಸಂದೇಶವನ್ನು ಕಣ್ಣುಮುಚ್ಚಿ ನಂಬುವುದು ಎಂತಹ ವಿಪರ್ಯಾಸ! 'ಫಾರ್ವರ್ಡೆಡ್' ಎಂಬುದು ಸನದ್ ಅಲ್ಲ. ಸನದ್ ಇಲ್ಲವೆಂಬುದರ ತಪ್ಪೊಪ್ಪಿಗೆ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈ ಸಂದೇಶಗಳನ್ನು ನೋಡಿ ನಗುವ ನಮ್ಮ ವಿದ್ಯಾವಂತರಲ್ಲಿ ಕೆಲವರು, ಧರ್ಮವೇ ವಿಜ್ಞಾನದ ಶತ್ರುವೆಂದೂ ಮದ್ರಸವೇ ಹಿಂದುಳಿಯುವಿಕೆಯ ಮೂಲವೆಂದೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಇದೂ ಅಷ್ಟೇ ಹಗುರವಾದ ಮಾತು. ಇವರೂ ಇಬ್ನುಲ್ ಹೈಸಮರನ್ನಾಗಲಿ, ಗಝ್ಝಾಲಿಯವರನ್ನಾಗಲಿ ಓದಿದವರಲ್ಲ. ಒಬ್ಬನು ಓದದೆ ಹೊಗಳುತ್ತಾನೆ, ಇನ್ನೊಬ್ಬನು ಓದದೆ ತೆಗಳುತ್ತಾನೆ. ಓದದಿರುವುದರಲ್ಲಿ ಇಬ್ಬರೂ ಸಮಾನರು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, 'ನನಗೆ ಗೊತ್ತಿಲ್ಲ' ಎಂಬ ಮಾತನ್ನು ಮನೆಯಲ್ಲಿ ಅವಮಾನವೆಂದು ಭಾವಿಸದಿರೋಣ. ಮದೀನಾದ ಮಹಾನ್ ಇಮಾಮ್ ಮಾಲಿಕ್‌ರವರು (ರ) ತಮ್ಮಲ್ಲಿಗೆ ತಂದ ಅನೇಕ ಪ್ರಶ್ನೆಗಳಿಗೆ ಜನರ ಮುಂದೆಯೇ ಹಾಗೆ ಉತ್ತರಿಸುತ್ತಿದ್ದರು. ಅದರಿಂದ ಅವರ ಘನತೆ ಕುಗ್ಗಲಿಲ್ಲ. ಮಗಳು ವಿಜ್ಞಾನದ ಪುಸ್ತಕ ಹಿಡಿದು ಪ್ರಶ್ನೆ ಕೇಳಿದಾಗ ಸುಳ್ಳು ಉತ್ತರ ಕೊಟ್ಟು ಬಾಯಿ ಮುಚ್ಚಿಸುವ ತಂದೆಗಿಂತ, 'ನನಗೆ ತಿಳಿಯದು, ಇಬ್ಬರೂ ಸೇರಿ ತಿಳಿದುಕೊಳ್ಳೋಣ' ಎನ್ನುವ ತಂದೆ ಅವಳ ಈಮಾನನ್ನು ಹೆಚ್ಚು ಗಟ್ಟಿಗೊಳಿಸುತ್ತಾನೆ. ಎರಡನೆಯದಾಗಿ, ತಿಳಿಯದಿದ್ದರೆ ಬಲ್ಲವರನ್ನು ಕೇಳಿರಿ ಎಂಬ ಕುರ್‌ಆನಿನ ಬೋಧನೆಯನ್ನು ಎಲ್ಲ ವಿಷಯಗಳಲ್ಲೂ ಪಾಲಿಸೋಣ. ನಮಾಝಿನ ವಿಷಯವನ್ನು ವಿದ್ವಾಂಸರಲ್ಲಿ, ರೋಗದ ವಿಷಯವನ್ನು ವೈದ್ಯರಲ್ಲಿ ಕೇಳೋಣ. ಖರ್ಜೂರದ ಪರಾಗಸ್ಪರ್ಶದ ವಿಷಯದಲ್ಲಿ ಪ್ರವಾದಿವರ್ಯರೇ (ಸ) ಮದೀನಾದ ತೋಟಗಾರರಿಗೆ, ನಿಮ್ಮ ಲೌಕಿಕ ಕಸುಬನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬ ಅರ್ಥದಲ್ಲಿ ಹೇಳಿಲ್ಲವೇ? ಮೂರನೆಯದಾಗಿ, ಸುಳ್ಳು ಸಂದೇಶ ಬಂದ ಗುಂಪಿನಲ್ಲೇ ಅದು ಸುಳ್ಳೆಂದು ವಿನಯದಿಂದ ತಿಳಿಸೋಣ. ಕಳುಹಿಸಿದವರು ಚಿಕ್ಕಪ್ಪನಾಗಿರಲಿ, ಜಮಾಅತಿನ ಹಿರಿಯರಾಗಿರಲಿ, ಗೌರವದಿಂದಲೇ ಹೇಳೋಣ, ಆದರೆ ಹೇಳೋಣ. ಕೆಡುಕನ್ನು ತಡೆಯುವ ಹೊಣೆ ಮೊಬೈಲಿನ ಹೊರಗೆ ಮಾತ್ರ ಇರುವುದಲ್ಲ. ನಾಲ್ಕನೆಯದಾಗಿ, ಖತೀಬರು ಜುಮಾ ಖುತ್ಬಾದಲ್ಲಿ ವಿಜ್ಞಾನದ ಉದಾಹರಣೆ ಕೊಡುವ ಮುನ್ನ ಊರಿನ ಒಬ್ಬ ವಿಜ್ಞಾನ ಅಧ್ಯಾಪಕರೊಂದಿಗೆ ಹತ್ತು ನಿಮಿಷ ಕುಳಿತುಕೊಳ್ಳಲಿ. ಅದರಿಂದ ಮಿಂಬರಿನ ಗೌರವ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ.

ಇಸ್ಲಾಮ್ ಸತ್ಯವೆಂದು ನಾವು ನಂಬುತ್ತೇವೆ. ನಿಜವಾಗಿ ನಂಬುವವನು ಸತ್ಯಕ್ಕೆ ಹೆದರುವುದಿಲ್ಲ, ಸುಳ್ಳಿನ ನೆರವನ್ನು ಬೇಡುವುದೂ ಇಲ್ಲ. ಕಾಲಿಲ್ಲದವನಿಗೆ ಊರುಗೋಲು ಬೇಕು. ತನ್ನ ಕಾಲ ಮೇಲೆ ನಿಂತಿರುವ ಸತ್ಯದ ಕೈಗೆ ನಾವು ಹುಳು ತಿಂದ ಊರುಗೋಲನ್ನು ತುರುಕಿ, ಅದು ಮುರಿದು ಬಿದ್ದಾಗ ಜನರು ಸತ್ಯವನ್ನೇ ನೋಡಿ ನಗುವಂತೆ ಮಾಡುತ್ತಿದ್ದೇವೆ. ತನ್ನ ಮಗನನ್ನು ಮಣ್ಣಿಗಿಟ್ಟ ದಿನವೂ ಜನರನ್ನು ಒಂದು ತಪ್ಪು ಕಲ್ಪನೆಯಿಂದ ಬಿಡಿಸಿದ ಪ್ರವಾದಿಯ (ಸ) ಮಾದರಿ ನಮ್ಮ ಮುಂದಿರುವಾಗ, ಒಂದು ಗುಂಡಿ ಒತ್ತುವ ಮೊದಲು ಒಂದು ನಿಮಿಷ ಪರಿಶೀಲಿಸುವುದು ನಮಗೆ ಕಷ್ಟವಾಗಬಾರದು. ಅಲ್ಲಾಹನು ನಮ್ಮ ನಾಲಿಗೆಯನ್ನೂ ಬೆರಳನ್ನೂ ಸತ್ಯದ ಮೇಲೆ ಸ್ಥಿರಗೊಳಿಸಲಿ. ಆಮೀನ್.